ಕೆಟ್ಟ ಆಲ್‌-ಇನ್‌-ಒನ್‌ ಕಂಪ್ಯೂಟರಿನ ಪರದೆಯನ್ನು ಟಚ್‌ ಮಾನಿಟರ್‌ ಮಾಡಿಕೊಳ್ಳಬಹುದೇ?

ಕರಡುಪ್ರತಿ, ಕುವೆಂಪುನಗರ, ಮೈಸೂರು

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ 2014ರಲ್ಲಿ ಕೊಂಡ 23 ಇಂಚಿನ ಆಲ್‌-ಇನ್‌-ಒನ್‌ ಕಂಪ್ಯೂಟರ್‌ ಇದೆ, ಅಂದರೆ ಪರದೆಯ ಬೆನ್ನಲ್ಲೇ ಇಡೀ ಯಂತ್ರ ಇರುವ ಬಗೆ. ಟಚ್‌ ಇರುವ ಮಾದರಿ. ಕಳೆದ ಮಳೆಗಾಲದಲ್ಲಿ ಗುಡುಗು ಸಿಡಿಲಿನ ರಾತ್ರಿಯೊಂದರಲ್ಲಿ ಕೆಟ್ಟಿತು. ಈಗ ಗುಂಡಿ ಒತ್ತಿದರೆ ಸಣ್ಣ ದೀಪವೂ ಬೆಳಗುವುದಿಲ್ಲ. ದುರಸ್ತಿಯವರು ನೋಡಿ, ಮದರ್‌ಬೋರ್ಡ್‌ ಹೋಗಿದೆ, ಆ ಮಾದರಿಯ ಬೋರ್ಡ್‌ ಈಗ ಸಿಗುವುದಿಲ್ಲ, ಗುಜರಿಗೆ ಹಾಕಿಬಿಡಿ ಎಂದರು. ಪರದೆಯ ಮೇಲೆ ಒಂದು ಗೀರೂ ಇಲ್ಲ. ಹಾಗಾಗಿ ಗುಜರಿಗೆ ಹಾಕಲು ಮನಸ್ಸು ಒಪ್ಪುತ್ತಿಲ್ಲ.

ನನ್ನ ಕೆಲಸ ಪ್ರಕಾಶಕರಿಗೆ ಕರಡು ತಿದ್ದಿಕೊಡುವುದು. ಹಳೆಯ ಪುಸ್ತಕಗಳ ಮರುಮುದ್ರಣವೇ ಹೆಚ್ಚು. ಒಂದು ಪಕ್ಕದಲ್ಲಿ ಮೂಲ ಪುಸ್ತಕದ ಸ್ಕ್ಯಾನ್‌, ಇನ್ನೊಂದು ಪಕ್ಕದಲ್ಲಿ ಹೊಸದಾಗಿ ಜೋಡಿಸಿದ ಪುಟ. ಲ್ಯಾಪ್‌ಟಾಪಿನ ಒಂದೇ ಪರದೆಯಲ್ಲಿ ಎರಡನ್ನೂ ಇಟ್ಟರೆ ಎರಡೂ ಸರಿಯಾಗಿ ಕಾಣುವುದಿಲ್ಲ. ಮೊಳೆ ಅಚ್ಚಿನ ಕಾಲದ ಪುಸ್ತಕಗಳಲ್ಲಿ ಮೊಳೆ ಸವೆದು ‘ಧ’ದ ಕೆಳಗಿನ ಸೀಳು ಮಾಯವಾಗಿರುತ್ತದೆ, ಅದು ‘ದ’ ಎಂದೇ ಕಾಣುತ್ತದೆ. ಒತ್ತಕ್ಷರಗಳಂತೂ ಶಾಯಿ ತುಂಬಿ ಮುದ್ದೆಯಾಗಿರುತ್ತವೆ. ಅಂಥ ಜಾಗವನ್ನು ಎರಡು ಬೆರಳಿನಿಂದ ಹಿಗ್ಗಿಸಿ ನೋಡುವಂತಾದರೆ ನನಗೆ ಬಹಳ ಅನುಕೂಲ. ಪರದೆಯ ಉದ್ದನೆಯ ಬದಿ ಮೇಲಿನಿಂದ ಕೆಳಕ್ಕೆ ಬರುವಂತೆ ತಿರುಗಿಸಿ ನೆಟ್ಟಗೆ ನಿಲ್ಲಿಸಿದರೆ ಇಡೀ ಪುಟವೇ ಒಮ್ಮೆಗೆ ಕಾಣುತ್ತದೆ.

ಬರೀ ಮಾನಿಟರ್‌ ಮಾಡಬಹುದು ಎಂದು ಕೇಳಿದ್ದೇನೆ. ಟಚ್‌ ಸಹ ಉಳಿಯುತ್ತದೆಯೇ ಎಂಬುದೇ ನನ್ನ ಪ್ರಶ್ನೆ.

ಅಗ್ರಹಾರ ರಿಪೇರಿ, ಮೈಸೂರು

ಸರ್‌, ಆ ಮಾದರಿಯ ಬೋರ್ಡ್‌ ಸಿಗುವುದಿಲ್ಲ ಎಂದದ್ದು ಬಹುಮಟ್ಟಿಗೆ ನಿಜ. ಪ್ರತಿ ಮಾದರಿಗೂ ಬೋರ್ಡಿನ ಆಕಾರವೇ ಬೇರೆ. ಆದರೆ ಗುಜರಿಗೆ ಹಾಕಿ ಎಂಬ ಮಾತನ್ನು ನಾನು ಒಪ್ಪುವುದಿಲ್ಲ.

ಬಿಚ್ಚುವ ಮುಂಚೆ ಒಂದು ವಿಷಯ ನೋಡಿಕೊಳ್ಳಿ. ನಿಮ್ಮ ಯಂತ್ರಕ್ಕೆ ಹೊರಗಡೆ ಲ್ಯಾಪ್‌ಟಾಪಿನದರಂಥ ಅಡಾಪ್ಟರ್‌ ಇದೆಯೇ, ಅಥವಾ ಗೋಡೆಯ ವೈರ್‌ ನೇರವಾಗಿ ಒಳಗೆ ಹೋಗುತ್ತದೆಯೇ? ನೇರವಾಗಿ ಹೋಗುವುದಾದರೆ ಒಳಗೆ ಎಸ್‌ಎಂಪಿಎಸ್‌, ಅಂದರೆ ಗೋಡೆಯ ವಿದ್ಯುತ್ತನ್ನು ಇಳಿಸಿಕೊಡುವ ಘಟಕ ಇರುತ್ತದೆ. ಅದರ ದೊಡ್ಡ ಕೆಪಾಸಿಟರಿನಲ್ಲಿ 325 ವೋಲ್ಟಿನಷ್ಟು ವಿದ್ಯುತ್‌ ಪ್ಲಗ್‌ ತೆಗೆದ ಮೇಲೂ ಸ್ವಲ್ಪ ಹೊತ್ತು ನಿಂತಿರುತ್ತದೆ. ಅದರ ಮೇಲೆ ಬೆರಳಿಡಬಾರದು. ಹೊರಗಿನ ಅಡಾಪ್ಟರ್‌ ಆದರೆ ಆ ಭಯವಿಲ್ಲ.

ಮೇಜಿನ ಮೇಲೆ ಮಡಚಿದ ಕಂಬಳಿ ಹಾಸಿ, ಪರದೆಯನ್ನು ಮಕಾಡೆ ಮಲಗಿಸಿ. ಸ್ಕ್ರೂ ಎಲ್ಲ ತೆಗೆದ ಮೇಲೂ ಹಿಂದಿನ ಮುಚ್ಚಳ ಪ್ಲಾಸ್ಟಿಕ್‌ ಕ್ಲಿಪ್‌ಗಳಲ್ಲಿ ಹಿಡಿದುಕೊಂಡಿರುತ್ತದೆ. ಸ್ಕ್ರೂಡ್ರೈವರ್‌ ತೂರಿಸಬೇಡಿ, ಅವಧಿ ಮುಗಿದ ಎಟಿಎಂ ಕಾರ್ಡ್‌ ಸಾಕು. ಕೇಬಲ್‌ ಕೀಳುವ ಮುಂಚೆ ಪ್ರತಿಯೊಂದರ ಫೋಟೊ ತೆಗೆಯಿರಿ. ಪಟ್ಟಿಯಂಥ ಕೇಬಲ್‌ ಇದ್ದರೆ ಅದರ ಕಪ್ಪು ಚಿಲಕ ಎತ್ತಿದ ಮೇಲೆಯೇ ಅದು ಬರಬೇಕು. ಎಳೆದರೆ ಬಾಯಿ ಹರಿಯುತ್ತದೆ, ಆಮೇಲೆ ಯಾರೂ ಏನೂ ಮಾಡಲಾಗುವುದಿಲ್ಲ. ಹಾರ್ಡ್‌ ಡಿಸ್ಕನ್ನು ಮೊದಲು ಹೊರಗಿಡಿ. ನಿಮ್ಮ ಹಳೆಯ ಕಡತಗಳೆಲ್ಲ ಅದರಲ್ಲೇ ಇರುತ್ತವೆ.

ಶುಗರ್‌ ಟೌನ್‌, ಮಂಡ್ಯ

ನನ್ನ ಅಭಿಪ್ರಾಯ ಬೇರೆ. ಬೋರ್ಡ್‌, ಕೇಬಲ್‌, ಅಡಾಪ್ಟರ್‌, ಅದರ ಮೇಲೆ ಓಡಾಟ. ಮೂಗಿಗಿಂತ ಮೂಗುತಿ ಭಾರವಾಗುತ್ತದೆ. ಅಂಗಡಿಗೆ ಹೋದರೆ ಮೂರು ವರ್ಷದ ವಾರಂಟಿ ಇರುವ ಹೊಸ ಮಾನಿಟರ್‌ ಸಿಗುತ್ತದೆ. ಹತ್ತು ವರ್ಷ ಉರಿದ ಬ್ಯಾಕ್‌ಲೈಟ್‌ ಇನ್ನೆಷ್ಟು ದಿನ ಬಾಳುತ್ತದೆ?

ಮಂಡ್ಯ ಮೇಷ್ಟ್ರು

ಶುಗರ್‌ ಟೌನ್‌ ಅವರ ಲೆಕ್ಕ ಬರೀ ಮಾನಿಟರ್‌ ಬೇಕಾದವರಿಗೆ ಸರಿ. ಕರಡುಪ್ರತಿಯವರು ಕೇಳುತ್ತಿರುವುದು ಟಚ್‌. ಈ ಅಳತೆಯ ಟಚ್‌ ಮಾನಿಟರ್‌ ಹೊಸದಾಗಿ ಕೊಳ್ಳಲು ಹೋದರೆ ಸಾಮಾನ್ಯ ಮಾನಿಟರಿನ ಬೆಲೆಗೆ ಸಿಗುವುದಿಲ್ಲ. ಮನೆಯಲ್ಲಿ ಬಿದ್ದಿರುವ ಯಂತ್ರದಲ್ಲಿ ಆ ಗಾಜು, ಆ ಸಂವೇದಕ, ಅದರ ಚಿಪ್‌ ಎಲ್ಲವೂ ಆಗಲೇ ಇವೆ.

ನಾನು ಡಿಪ್ಲೊಮಾ ವಿದ್ಯಾರ್ಥಿಗಳಿಗೆ ಎಲೆಕ್ಟ್ರಾನಿಕ್ಸ್‌ ಕಲಿಸುತ್ತೇನೆ. ಅವರಿಗೆ ಮೊದಲು ಹೇಳುವ ಮಾತನ್ನೇ ಇಲ್ಲೂ ಹೇಳುತ್ತೇನೆ. ಹೊರಗಿನಿಂದ ಒಂದೇ ಪರದೆಯಾಗಿ ಕಂಡರೂ ಒಳಗೆ ಮೂರು ವ್ಯವಸ್ಥೆಗಳಿವೆ: ಚಿತ್ರ, ಬೆಳಕು, ಸ್ಪರ್ಶ. ಚಿತ್ರ ಮೂಡಿಸುವುದು ಎಲ್‌ಸಿಡಿ ಪ್ಯಾನೆಲ್‌. ಅದಕ್ಕೆ ಮದರ್‌ಬೋರ್ಡಿನಿಂದ ಎಲ್‌ವಿಡಿಎಸ್‌ ಅಥವಾ ಇಡಿಪಿ ಎಂಬ ಸಂಕೇತ ಹೋಗುತ್ತದೆ. ಬೆಳಕು ಕೊಡುವುದು ಅದರ ಅಂಚಿನ ಎಲ್‌ಇಡಿ ಸಾಲು. ಟಚ್‌ ಇವೆರಡರ ಮುಂದೆ ಕೂತಿರುವ ಪ್ರತ್ಯೇಕ ಸಾಧನ. ಅದಕ್ಕೂ ಚಿತ್ರಕ್ಕೂ ಯಾವ ಸಂಬಂಧವೂ ಇಲ್ಲ. ಆಲ್‌-ಇನ್‌-ಒನ್‌ ಯಂತ್ರಗಳಲ್ಲಿ ಅದು ಸಾಮಾನ್ಯವಾಗಿ ಯುಎಸ್‌ಬಿ ಸಾಧನ, ಮೌಸ್‌ ಕೀಬೋರ್ಡ್‌ಗಳ ಹಾಗೆಯೇ. ಕಂಪ್ಯೂಟರಿನ ಒಳಗಡೆಯೇ ಜೋಡಿಸಿರುವುದರಿಂದ ಪರಿಚಿತ ಆಕಾರದ ಪ್ಲಗ್‌ ಇರುವುದಿಲ್ಲ, ಅಷ್ಟೆ.

ಆದ್ದರಿಂದ ಮೂರನ್ನೂ ಒಂದೊಂದಾಗಿ ಪರೀಕ್ಷಿಸಬೇಕು, ಮೊದಲು ಟಚ್‌. ಟಚ್‌ ಬದುಕಿದೆಯೇ ಎಂದು ನೋಡಲು ಒಂದು ಹಳೆಯ ಯುಎಸ್‌ಬಿ ಕೇಬಲ್‌ ಸಾಕು. ಅದು ಸತ್ತಿದ್ದರೆ ಶುಗರ್‌ ಟೌನ್‌ ಅವರ ಮಾತೇ ಸರಿಯಾಗುತ್ತದೆ, ನಿಮ್ಮ ಹಣವೂ ಉಳಿಯುತ್ತದೆ.

ಬಿಚ್ಚಿದ ಮೇಲೆ ಎರಡು ವಿಷಯ ತಿಳಿಸಿ. ಪ್ಯಾನೆಲ್ಲಿನ ಬೆನ್ನ ಮೇಲಿರುವ ಚೀಟಿಯಲ್ಲಿ ಏನು ಬರೆದಿದೆ? ಗಾಜಿನ ಸುತ್ತ ಚೌಕಟ್ಟು ಎದ್ದು ನಿಂತಿದೆಯೇ, ಅಥವಾ ಗಾಜು ಅಂಚಿನವರೆಗೂ ಸಮತಟ್ಟಾಗಿದೆಯೇ?

ಗಂಗೋತ್ರಿ ವಿದ್ಯಾರ್ಥಿ, ಮೈಸೂರು

ಇಷ್ಟೆಲ್ಲ ಬೇಕೇ ಸರ್‌? ಅದರ ಬೆನ್ನಿಗೆ ಎಚ್‌ಡಿಎಂಐ ಪೋರ್ಟ್‌ ಇದ್ದರೆ ಅಲ್ಲಿಂದ ಲ್ಯಾಪ್‌ಟಾಪಿಗೆ ಒಂದು ಕೇಬಲ್‌ ಹಾಕಿದರೆ ಆಗುವುದಿಲ್ಲವೇ? ನನ್ನ ಗೆಳೆಯರೊಬ್ಬರು ಐಮ್ಯಾಕನ್ನು ಹಾಗೆಯೇ ಮಾನಿಟರ್‌ ಮಾಡಿಕೊಂಡಿದ್ದಾರೆ.

ಮಂಡ್ಯ ಮೇಷ್ಟ್ರು

ಬಹಳ ಜನರಿಗೆ ಬರುವ ಅನುಮಾನ ಇದು. ಲ್ಯಾಪ್‌ಟಾಪ್‌ಗಳ ಎಚ್‌ಡಿಎಂಐ ಚಿತ್ರವನ್ನು ಹೊರಗೆ ಕಳಿಸುವ ಬಾಗಿಲು. ಎರಡು ಲ್ಯಾಪ್‌ಟಾಪ್‌ಗಳ ನಡುವೆ ಕೇಬಲ್‌ ಹಾಕಿದರೆ ಎರಡೂ ಕಳಿಸುತ್ತಲೇ ಇರುತ್ತವೆ, ತೆಗೆದುಕೊಳ್ಳುವವರು ಯಾರೂ ಇರುವುದಿಲ್ಲ. ಕೆಲವು ಆಲ್‌-ಇನ್‌-ಒನ್‌ಗಳಲ್ಲಿ ‘ಇನ್‌’ ಎಂದು ಬರೆದ ಪೋರ್ಟ್‌ ಇರುತ್ತದೆ. ಅದು ಇದ್ದರೂ ಪರದೆ ಉರಿಯಲು ಆ ಯಂತ್ರದ ಸ್ವಂತ ಬೋರ್ಡಿನಲ್ಲಿ ಜೀವ ಇರಬೇಕು. ಇವರ ಯಂತ್ರದಲ್ಲಿ ಹೋಗಿರುವುದೇ ಬೋರ್ಡ್‌.

ಐಮ್ಯಾಕಿನ ವಿಷಯ ನಿಜ, ಎಲ್ಲ ಐಮ್ಯಾಕ್‌ಗಳಿಗೂ ಅಲ್ಲ. 2009ರ ಕೊನೆಯ ಮತ್ತು 2010ರ 27 ಇಂಚಿನ ಮಾದರಿಗಳು ಮಿನಿ ಡಿಸ್ಪ್ಲೇಪೋರ್ಟ್‌ ಮೂಲಕ, 2011ರಿಂದ 2014ರ ಮಧ್ಯದವರೆಗಿನವು ಥಂಡರ್‌ಬೋಲ್ಟ್‌ ಮೂಲಕ ಹೊರಗಿನ ಚಿತ್ರವನ್ನು ತೆಗೆದುಕೊಳ್ಳುತ್ತವೆ. 5ಕೆ ಪರದೆಯ ಐಮ್ಯಾಕ್‌ಗಳಲ್ಲಿ ಆ ಸೌಲಭ್ಯವಿಲ್ಲ. ಅಲ್ಲಿಯೂ ಯಂತ್ರ ಸುಸ್ಥಿತಿಯಲ್ಲಿರಬೇಕು.

ಯಂತ್ರ ನಿಧಾನವಾಗಿದ್ದರೂ ಓಡುತ್ತಿದ್ದರೆ ಬಿಚ್ಚುವ ಅಗತ್ಯವೇ ಇಲ್ಲ. ವಿಂಡೋಸ್‌ 10ರಲ್ಲಿ 2016ರ ಆವೃತ್ತಿಯಿಂದ ‘ಪ್ರೊಜೆಕ್ಟಿಂಗ್‌ ಟು ದಿಸ್‌ ಪಿಸಿ’ ಎಂಬ ಸೌಲಭ್ಯವಿದೆ. ವೈಫೈ ಮೂಲಕ ಒಂದರ ಚಿತ್ರ ಇನ್ನೊಂದಕ್ಕೆ ಬರುತ್ತದೆ. ಚಿತ್ರ ಸ್ವಲ್ಪ ತಡವಾಗಿ ಬಂದರೂ ಓದುವ ಕೆಲಸಕ್ಕೆ ನಡೆಯುತ್ತದೆ.

ಕರಡುಪ್ರತಿ, ಕುವೆಂಪುನಗರ, ಮೈಸೂರು

ಅಗ್ರಹಾರದವರು ಹೇಳಿದಂತೆಯೇ ಬಿಚ್ಚಿದೆ. ಅಡಾಪ್ಟರ್‌ ಹೊರಗಿನದು, 19 ವೋಲ್ಟ್‌. ಒಳಗೆ ಫ್ಯಾನಿನ ರೆಕ್ಕೆಗಳ ಮೇಲೆ ಧೂಳು ಹತ್ತಿಯ ಹಾಗೆ ಕೂತಿತ್ತು.

ಪ್ಯಾನೆಲ್ಲಿನ ಚೀಟಿಯಲ್ಲಿ ‘ಎಲ್‌ಎಂ230ಡಬ್ಲ್ಯುಎಫ್‌’ ಎಂದು ಶುರುವಾಗಿ ಮುಂದೆ ಇನ್ನಷ್ಟು ಅಕ್ಷರಗಳಿವೆ. ಗಾಜು ಅಂಚಿನವರೆಗೂ ಸಮತಟ್ಟು. ಗಾಜಿನ ಕೆಳಭಾಗದಿಂದ ಕಿತ್ತಳೆ ಬಣ್ಣದ ಪಟ್ಟಿಗಳು ಬಂದು ಬೆರಳಗಲದ ಒಂದು ಹಸಿರು ಬೋರ್ಡಿಗೆ ಸೇರುತ್ತವೆ. ಆ ಬೋರ್ಡಿನಿಂದ ಐದು ಸಣ್ಣ ವೈರುಗಳು ಮದರ್‌ಬೋರ್ಡಿಗೆ ಹೋಗುತ್ತಿದ್ದವು. ಪರದೆಯ ಒಂದು ಬದಿಯಿಂದ ಬೆಳಕಿನದು ಎನಿಸುವ ಪ್ರತ್ಯೇಕ ಕನೆಕ್ಟರ್‌ ಹೊರಬಂದಿದೆ.

ಮಂಡ್ಯ ಮೇಷ್ಟ್ರು

ಒಳ್ಳೆಯ ಸುದ್ದಿ. ಚೀಟಿಯನ್ನು ಓದುವ ಕ್ರಮ ಹೀಗೆ: ‘ಎಲ್‌ಎಂ’ ಎಂದರೆ ಎಲ್‌ಜಿಯ ಮಾನಿಟರ್‌ ವರ್ಗದ ಪ್ಯಾನೆಲ್‌. ‘230’ ಎಂದರೆ 23.0 ಇಂಚು. ‘ಡಬ್ಲ್ಯುಎಫ್‌’ ಎಂದರೆ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕಿಗಳು. ಲ್ಯಾಪ್‌ಟಾಪಿನದಾದರೆ ‘ಎಲ್‌ಪಿ’ ಇರುತ್ತಿತ್ತು. ಸ್ಯಾಮ್‌ಸಂಗ್‌ ಪ್ಯಾನೆಲ್‌ಗಳಲ್ಲಿ ‘ಎಲ್‌ಟಿಎಂ’ ಮಾನಿಟರಿನದು, ‘ಎಲ್‌ಟಿಎನ್‌’ ಲ್ಯಾಪ್‌ಟಾಪಿನದು. ಎಯುಒ ಕಂಪನಿಯವು ‘ಎಂ’ ಅಥವಾ ‘ಬಿ’ ಎಂದು ಶುರುವಾಗುತ್ತವೆ. ಚಿತ್ರಕ್ಕಾಗಿ ನೀವು ಎಲ್‌ಸಿಡಿ ಕಂಟ್ರೋಲರ್‌ ಬೋರ್ಡ್‌ ಕೊಳ್ಳಬೇಕು, ಲ್ಯಾಪ್‌ಟಾಪಿನಿಂದ ಬರುವ ಚಿತ್ರವನ್ನು ಪ್ಯಾನೆಲ್ಲಿಗೆ ಬೇಕಾದ ಸಂಕೇತವಾಗಿ ಬದಲಿಸುವುದು ಅದೇ. ಅದನ್ನು ಕೊಳ್ಳುವಾಗ ಕಂಪ್ಯೂಟರಿನ ಮಾದರಿಯ ಹೆಸರು ಕೆಲಸಕ್ಕೆ ಬರುವುದಿಲ್ಲ, ಈ ಚೀಟಿಯ ಕೊನೆಯ ಅಕ್ಷರದವರೆಗಿನ ಹೆಸರೇ ಬೇಕು. ಅದೇ ಹೆಸರನ್ನು ಅಂತರ್ಜಾಲದಲ್ಲಿ ಹುಡುಕಿ ಡೇಟಾಶೀಟ್‌, ಅಂದರೆ ಪ್ಯಾನೆಲ್ಲಿನ ತಾಂತ್ರಿಕ ವಿವರಪತ್ರ ಇಳಿಸಿಕೊಳ್ಳಿ. ಓರೆಯಾಗಿ ನೋಡಿದರೂ ಬಣ್ಣ ಹೆಚ್ಚು ಕೆಡದ ಐಪಿಎಸ್‌ ಬಗೆಯ ಪ್ಯಾನೆಲ್ಲೇ ಎಂಬುದನ್ನೂ ಅದರಲ್ಲಿ ಖಚಿತಪಡಿಸಿಕೊಳ್ಳಿ. ಇನ್ನೊಂದು ಬಗೆಯಾದ ಟಿಎನ್‌ ಪ್ಯಾನೆಲ್‌ ನೆಟ್ಟಗೆ ನಿಲ್ಲಿಸಿದರೆ ಎಡಗಣ್ಣಿಗೂ ಬಲಗಣ್ಣಿಗೂ ಬಣ್ಣ ಬೇರೆ ಬೇರೆಯಾಗಿ ಕಂಡು ತಲೆನೋವು ಬರುತ್ತದೆ. ದಿನವಿಡೀ ಓದುವವರಿಗೆ ಇದು ಸಣ್ಣ ವಿಷಯವಲ್ಲ.

ಇನ್ನು ಟಚ್‌. ಸಮತಟ್ಟು ಗಾಜು, ಕಿತ್ತಳೆ ಪಟ್ಟಿಗಳು ಎಂದ ಮೇಲೆ ಅದು ಕೆಪಾಸಿಟಿವ್‌, ಮೊಬೈಲಿನಲ್ಲಿ ಇರುವ ಜಾತಿಯದೇ. ಚೌಕಟ್ಟು ಎದ್ದಿದ್ದರೆ ಅದು ಹಳೆಯ ಆಪ್ಟಿಕಲ್‌ ಬಗೆ. ಮೂಲೆಗಳಲ್ಲಿ ಕೂತ ಅತಿಗೆಂಪು ಕ್ಯಾಮೆರಾಗಳು ಬೆರಳಿನ ನೆರಳನ್ನು ಹಿಡಿಯುತ್ತವೆ. ಅಂಥದ್ದರಲ್ಲಿ ಚೌಕಟ್ಟನ್ನು ಹಾಗೆಯೇ ಉಳಿಸಿಕೊಳ್ಳಬೇಕು. ನಿಮಗೆ ಆ ಕಟ್ಟುಪಾಡಿಲ್ಲ.

ಐದು ವೈರುಗಳಲ್ಲಿ ನಮಗೆ ಬೇಕಾದದ್ದು ನಾಲ್ಕು: 5 ವೋಲ್ಟ್‌, ಗ್ರೌಂಡ್‌, ದತ್ತಾಂಶ ಸಾಗಿಸುವ ಡಿ ಪ್ಲಸ್‌ ಮತ್ತು ಡಿ ಮೈನಸ್‌. ಐದನೆಯದು ಹೆಚ್ಚಾಗಿ ಕವಚದ ಗ್ರೌಂಡ್‌. ಬಣ್ಣವನ್ನು ನಂಬಬೇಡಿ, ಒಳಗಿನ ಕೇಬಲ್‌ಗಳಲ್ಲಿ ಕಂಪನಿಗಳು ತಮಗೆ ತೋಚಿದ ಬಣ್ಣ ಹಾಕುತ್ತವೆ. ಮಲ್ಟಿಮೀಟರನ್ನು ಬೀಪ್‌ ಬರುವ ಕಡೆ ತಿರುಗಿಸಿ, ಒಂದು ಕಡ್ಡಿಯನ್ನು ಹಸಿರು ಬೋರ್ಡಿನ ಸ್ಕ್ರೂ ರಂಧ್ರದ ಸುತ್ತಲ ಲೋಹದ ಬಳೆಗೆ ಇಡಿ. ಬೀಪ್‌ ಕೊಡುವ ವೈರುಗಳು ಗ್ರೌಂಡ್‌. ಒಂದಕ್ಕೊಂದು ಹೆಣೆದುಕೊಂಡಿರುವ ಎರಡು ವೈರುಗಳು ದತ್ತಾಂಶದವು. ಉಳಿದದ್ದು ವಿದ್ಯುತ್ತಿನದು. ಅದಕ್ಕೆ 5 ವೋಲ್ಟ್‌ ಕೊಡುವ ಮುಂಚೆ ಹಸಿರು ಬೋರ್ಡಿನಲ್ಲಿ ಮೂರು ಕಾಲಿನ ಸಣ್ಣ ರೆಗ್ಯುಲೇಟರ್‌ ಇದೆಯೇ, ವೈರ್‌ ಅದಕ್ಕೇ ಹೋಗುತ್ತದೆಯೇ ನೋಡಿ. ಇದ್ದರೆ ಅದು 5 ವೋಲ್ಟನ್ನು ತಾನೇ 3.3ಕ್ಕೆ ಇಳಿಸಿಕೊಳ್ಳುತ್ತದೆ. ಕಾಣದಿದ್ದರೆ ಮುಂದುವರಿಯಬೇಡಿ, ಫೋಟೊ ಕಳಿಸಿ.

ಡಿ ಪ್ಲಸ್‌ ಯಾವುದು, ಡಿ ಮೈನಸ್‌ ಯಾವುದು ಎಂಬುದಕ್ಕೆ ಒಂದು ಖಚಿತ ಉಪಾಯವಿದೆ. ಮೊಬೈಲ್‌ ಚಾರ್ಜರಿನಿಂದ 5 ವೋಲ್ಟ್‌ ಮತ್ತು ಗ್ರೌಂಡ್‌ ಮಾತ್ರ ಕೊಡಿ. ನಂತರ ಗ್ರೌಂಡಿಗೆ ಹೋಲಿಸಿ ಎರಡು ದತ್ತಾಂಶ ವೈರುಗಳ ವೋಲ್ಟೇಜ್‌ ಅಳೆಯಿರಿ. ಫುಲ್‌ ಸ್ಪೀಡ್‌ ಯುಎಸ್‌ಬಿ ಸಾಧನ ತಾನು ಬಂದಿದ್ದೇನೆ ಎಂದು ತಿಳಿಸುವುದೇ ಡಿ ಪ್ಲಸ್‌ ವೈರನ್ನು 1.5 ಕಿಲೊಓಮ್‌ ರೆಸಿಸ್ಟರ್‌ ಮೂಲಕ 3.3 ವೋಲ್ಟಿನ ಕಡೆಗೆ ಎತ್ತಿ ಹಿಡಿಯುವುದರಿಂದ. ಆದ್ದರಿಂದ 3 ವೋಲ್ಟಿನ ಆಸುಪಾಸು ತೋರುವುದು ಡಿ ಪ್ಲಸ್‌, ಸೊನ್ನೆಯ ಹತ್ತಿರ ಇರುವುದು ಡಿ ಮೈನಸ್‌. ಹಾಗೆ ಏರಿದ್ದು ಕಂಡರೆ ಚಿಪ್‌ ಬದುಕಿದೆ ಎಂಬುದೂ ತಿಳಿಯುತ್ತದೆ. ಆಮೇಲೆ ಹಳೆಯ ಯುಎಸ್‌ಬಿ ಕೇಬಲ್ಲಿನ ಕೆಂಪು, ಕಪ್ಪು, ಹಸಿರು, ಬಿಳಿ ವೈರುಗಳನ್ನು ಕ್ರಮವಾಗಿ 5 ವೋಲ್ಟ್‌, ಗ್ರೌಂಡ್‌, ಪ್ಲಸ್‌, ಮೈನಸ್ಸಿಗೆ ಬೆಸುಗೆ ಹಾಕಿ. ದತ್ತಾಂಶದ ಎರಡು ಅದಲುಬದಲಾದರೆ ‘ಸಾಧನ ಗುರುತಾಗಲಿಲ್ಲ’ ಎಂಬ ಸಂದೇಶ ಬರುತ್ತದೆ ಅಷ್ಟೆ. ವಿದ್ಯುತ್ತಿನ ಎರಡು ಅದಲುಬದಲಾದರೆ ಚಿಪ್‌ ಹೋಗುತ್ತದೆ.

ಪಾಂಡವಪುರದ ಟೀಚರ್‌

ಮೇಷ್ಟ್ರೇ, ನಡುವೆ ಬಾಯಿ ಹಾಕುತ್ತಿದ್ದೇನೆ. ನಮ್ಮ ಶಾಲೆಗೆ ದಾನಿಯೊಬ್ಬರು ಕೊಟ್ಟ ಟಚ್‌ ಲ್ಯಾಪ್‌ಟಾಪ್‌ ಒಂದು ಕೆಟ್ಟು ಬೀರುವಿನಲ್ಲಿದೆ. 15.6 ಇಂಚು. ಲಿನಕ್ಸ್‌ ಹಾಕಿದ ಇನ್ನೊಂದು ಯಂತ್ರಕ್ಕೆ ಅದರ ಪರದೆಯನ್ನು ಜೋಡಿಸಿದರೆ ಒಂದನೇ ತರಗತಿಯ ಮಕ್ಕಳು ಬೆರಳಿನಿಂದಲೇ ಅಕ್ಷರ ತಿದ್ದಬಹುದು. ಮಕ್ಕಳಿಗೆ ಮೌಸ್‌ ಹಿಡಿಯುವುದು ಕಷ್ಟ. ಲ್ಯಾಪ್‌ಟಾಪಿಗೂ ಇದೇ ವಿಧಾನವೇ?

ಅಗ್ರಹಾರ ರಿಪೇರಿ, ಮೈಸೂರು

ಟೀಚರ್‌, ಎಲ್ಲಕ್ಕಿಂತ ಮೊದಲು ಬ್ಯಾಟರಿ ತೆಗೆಸಿ. ಬೀರುವಿನಲ್ಲಿ ಬಹಳ ಕಾಲ ಬಿದ್ದಿದ್ದ ಲ್ಯಾಪ್‌ಟಾಪುಗಳ ಬ್ಯಾಟರಿ ಉಬ್ಬಿರುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ತಳ ಬಾಗಿದ್ದರೆ, ಟಚ್‌ಪ್ಯಾಡ್‌ ಮೇಲೆದ್ದಿದ್ದರೆ ಉಬ್ಬಿದೆ ಎಂದೇ ಅರ್ಥ. ಅದನ್ನು ಒತ್ತಬಾರದು, ಚುಚ್ಚಬಾರದು, ಮಕ್ಕಳ ಕೈಗೆ ಸಿಗುವಲ್ಲಿ ಇಡಬಾರದು.

ಇನ್ನೊಂದು ಮಾತು ಎಲ್ಲರಿಗೂ. 2010ಕ್ಕಿಂತ ಹಿಂದಿನ ಪರದೆಗಳಲ್ಲಿ ಎಲ್‌ಇಡಿಯ ಬದಲು ಟ್ಯೂಬ್‌ಲೈಟಿನ ಜಾತಿಯ ತೆಳುವಾದ ಸಿಸಿಎಫ್‌ಎಲ್‌ ದೀಪ ಇರುವ ಸಂಭವ ಹೆಚ್ಚು. ಅದನ್ನು ಹೊತ್ತಿಸುವ ಇನ್ವರ್ಟರ್‌ ನೂರಾರು ವೋಲ್ಟ್‌ ಹುಟ್ಟಿಸುತ್ತದೆ, ದೀಪದೊಳಗೆ ಪಾದರಸವೂ ಇರುತ್ತದೆ. ಒಡೆದರೆ ಕಿಟಕಿ ತೆಗೆದು ಕೋಣೆಯಿಂದ ಹೊರಗೆ ಬನ್ನಿ. ಆ ಬಗೆಯದನ್ನು ಮನೆಯಲ್ಲಿ ಪ್ರಯೋಗಕ್ಕೆ ತೆಗೆದುಕೊಳ್ಳಬೇಡಿ ಎಂದೇ ನನ್ನ ಸಲಹೆ.

ಮಂಡ್ಯ ಮೇಷ್ಟ್ರು

ಟೀಚರ್‌, ವಿಧಾನ ಅದೇ, ಆದರೆ ಲ್ಯಾಪ್‌ಟಾಪಿನಲ್ಲಿ ಒಂದು ತೊಡಕಿದೆ. ವಿಂಡೋಸ್‌ 8 ಬಂದ ಮೇಲೆ ಕೆಲವು ಕಂಪನಿಗಳು ಟಚ್ಚನ್ನು ಯುಎಸ್‌ಬಿ ಬದಲು ಐ2ಸಿ ಎಂಬ ಬೇರೆ ದಾರಿಯಲ್ಲಿ ಜೋಡಿಸತೊಡಗಿದವು. ಐ2ಸಿ ಆದರೆ ನೇರವಾಗಿ ಯುಎಸ್‌ಬಿ ಕೇಬಲ್‌ ಬೆಸೆಯಲಾಗುವುದಿಲ್ಲ, ನಡುವೆ ಒಂದು ಮೈಕ್ರೊಕಂಟ್ರೋಲರ್‌ ಇಟ್ಟು ಪ್ರೋಗ್ರಾಂ ಬರೆಯಬೇಕು. ಇನ್ನು ಕೆಲವು ತೆಳು ಪರದೆಗಳಲ್ಲಿ ಟಚ್ಚಿಗೆ ಪ್ರತ್ಯೇಕ ಕೇಬಲ್ಲೇ ಇರುವುದಿಲ್ಲ, ಚಿತ್ರ ಸಾಗುವ 40 ಪಿನ್ನಿನ ಇಡಿಪಿ ಕೇಬಲ್ಲಿನಲ್ಲೇ ಸೇರಿರುತ್ತದೆ. ಲ್ಯಾಪ್‌ಟಾಪ್‌ ಟಚ್‌ ಬೋರ್ಡುಗಳಲ್ಲಿ 3.3 ವೋಲ್ಟಿನವೂ ಬಹಳ ಇವೆ, 5 ಕೊಟ್ಟರೆ ಸುಡುತ್ತವೆ. ಯಂತ್ರ ನೋಡದೆ ನಿಮಗೆ ಆಶ್ವಾಸನೆ ಕೊಡಲಾರೆ.

ಲ್ಯಾಪ್‌ಟಾಪಿನಲ್ಲಿ ಸುಲಭವಾದದ್ದು ಬೆಳಕು. ಎಲ್‌ಇಡಿ ಚಾಲಕ ಪ್ಯಾನೆಲ್ಲಿನ ಮೈಮೇಲೆಯೇ ಇರುತ್ತದೆ, ಅದೇ ಕೇಬಲ್ಲಿನಿಂದ ವಿದ್ಯುತ್‌ ಪಡೆಯುತ್ತದೆ. ಬೇರೆ ಬೋರ್ಡ್‌ ಬೇಕಿಲ್ಲ.

ಕರಡುಪ್ರತಿಯವರಿಗೆ ಬೇಕು, ಏಕೆಂದರೆ ಅವರ ಪರದೆಯಿಂದ ಬೆಳಕಿನ ಕನೆಕ್ಟರ್‌ ಪ್ರತ್ಯೇಕವಾಗಿ ಬಂದಿದೆ. ಸರ್‌, ನೀವು ಎಲ್‌ಸಿಡಿ ಕಂಟ್ರೋಲರ್‌ ಬೋರ್ಡ್‌ ತರಿಸುವಾಗ ಮಾರುವವರಿಗೆ ಚೀಟಿಯ ಪೂರ್ತಿ ಹೆಸರು ಕೊಟ್ಟು, ಅದಕ್ಕೆ ಹೊಂದುವ ಎಲ್‌ವಿಡಿಎಸ್‌ ಕೇಬಲ್‌, ಎಲ್‌ಇಡಿಗಳಿಗೆ ಒಂದೇ ಸಮನಾದ ಕರೆಂಟ್‌ ಕೊಡುವ ಕಾನ್‌ಸ್ಟಂಟ್‌ ಕರೆಂಟ್‌ ಬ್ಯಾಕ್‌ಲೈಟ್‌ ಬೋರ್ಡ್‌, ಗುಂಡಿಗಳ ಪಟ್ಟಿ, ಕಂಟ್ರೋಲರ್‌ ಬೋರ್ಡೂ ಸೇರಿ ನಾಲ್ಕನ್ನೂ ಒಟ್ಟಿಗೆ ಕೇಳಿ. ಎಲ್‌ಇಡಿಯ ಒಂದು ಸಾಲಿಗೆ ಎಷ್ಟು ಮಿಲಿಆಂಪ್‌ ಎಂಬುದು ಡೇಟಾಶೀಟಿನಲ್ಲಿದೆ, ಅದನ್ನು ಮೀರಬಾರದು. ಕಂಟ್ರೋಲರ್‌ ಬೋರ್ಡಿನಲ್ಲಿ ಪ್ಯಾನೆಲ್ಲಿನ ವೋಲ್ಟೇಜ್‌ ಆರಿಸುವ ಜಂಪರ್‌ ಎಂಬ ಸಣ್ಣ ಕೊಂಡಿ ಇರುತ್ತದೆ: 3.3, 5, 12. ಲ್ಯಾಪ್‌ಟಾಪ್‌ ಪ್ಯಾನೆಲ್‌ಗಳು 3.3, ನಿಮ್ಮಂಥ ಮಾನಿಟರ್‌ ಪ್ಯಾನೆಲ್‌ಗಳು ಸಾಮಾನ್ಯವಾಗಿ 5. ಡೇಟಾಶೀಟ್‌ ನೋಡಿ ಜಂಪರ್‌ ಹಾಕಿ, ಪ್ಯಾನೆಲ್‌ ಜೋಡಿಸುವ ಮುಂಚೆ ಬೋರ್ಡಿಗೆ ಮಾತ್ರ ವಿದ್ಯುತ್‌ ಕೊಟ್ಟು ಅಳೆದು ನೋಡಿ. 5ರ ಪ್ಯಾನೆಲ್ಲಿಗೆ 12 ಹೋದರೆ ಎರಡನೆಯ ಅವಕಾಶ ಇರುವುದಿಲ್ಲ. ನಿಮ್ಮ ಹಳೆಯ 19 ವೋಲ್ಟಿನ ಅಡಾಪ್ಟರನ್ನು ಈ ಬೋರ್ಡಿಗೆ ಹಾಕಬೇಡಿ. ಪಿನ್‌ ಒಳಗೆ ಹೋಗುತ್ತದೆ ಎಂದು ಹಾಕುವವರಿದ್ದಾರೆ. 12 ವೋಲ್ಟ್‌, 4 ಆಂಪ್‌ ಅಡಾಪ್ಟರ್‌ ಬೇರೆಯಾಗಿ ತೆಗೆದುಕೊಳ್ಳಿ.

ಮೈಸೂರಿನಲ್ಲಿ ಸಿಗದಿದ್ದರೆ ಬೆಂಗಳೂರಿನ ಎಸ್‌.ಪಿ. ರಸ್ತೆ ಇದೆ. ಅಂತರ್ಜಾಲದಲ್ಲಿಯೂ ತರಿಸಬಹುದು.

ಕರಡುಪ್ರತಿ, ಕುವೆಂಪುನಗರ, ಮೈಸೂರು

ಟಚ್‌ ಬದುಕಿದೆ! ಅಳೆದಾಗ ಹೆಣೆದ ಎರಡು ವೈರುಗಳಲ್ಲಿ ಒಂದು 3.2 ತೋರಿಸಿತು, ಇನ್ನೊಂದು ಸೊನ್ನೆ. ಬೆಸುಗೆಯನ್ನು ಬಲ್ಲವರ ಕೈಯಿಂದ ಹಾಕಿಸಿದೆ. ಲ್ಯಾಪ್‌ಟಾಪಿಗೆ ಚುಚ್ಚಿದ ಕೂಡಲೇ ಯಾವ ಡ್ರೈವರನ್ನೂ ಕೇಳದೆ ಗುರುತು ಹಿಡಿಯಿತು. ಪರದೆ ಇನ್ನೂ ಕಪ್ಪಗೆ ಮಲಗಿತ್ತು. ಕಪ್ಪು ಗಾಜಿನ ಮೇಲೆ ನನ್ನ ಬೆರಳು ಸರಿದ ಹಾಗೆ ಲ್ಯಾಪ್‌ಟಾಪಿನಲ್ಲಿ ಪುಟ ಸರಿಯುತ್ತಿತ್ತು. ಮೂರೂ ಬೇರೆ ಬೇರೆ ಎಂದು ಮೇಷ್ಟ್ರು ಹೇಳಿದ್ದು ಆಗ ಕಣ್ಣಿಗೆ ಕಂಡಿತು.

ಆಮೇಲೆ ಧೈರ್ಯವಾಗಿ ಬೋರ್ಡ್‌ ತರಿಸಿದೆ. ಜಂಪರ್‌ 5ಕ್ಕೆ ಹಾಕಿ, ಅಳೆದು, ಜೋಡಿಸಿದೆ. ಬೆಳಕು ಬಂತು, ಚಿತ್ರವೂ ಬಂತು. ಆದರೆ ಬಣ್ಣ ವಿಚಿತ್ರವಾಗಿದೆ. ಬಿಳಿ ಬಿಳಿಯೇ, ಕಪ್ಪು ಕಪ್ಪೇ. ನಡುವಿನ ಛಾಯೆಗಳೆಲ್ಲ ಮೆಟ್ಟಿಲು ಮೆಟ್ಟಿಲಾಗಿ ಒಡೆದಿವೆ. ಮುಖದ ಫೋಟೊ ಹಾಕಿದರೆ ಕೆನ್ನೆಯ ಮೇಲೆ ಹಸಿರು ಮಚ್ಚೆಗಳು. ಪ್ಯಾನೆಲ್‌ ಕೆಟ್ಟಿದೆಯೇ?

ಮಂಡ್ಯ ಮೇಷ್ಟ್ರು

ಪ್ಯಾನೆಲ್‌ ಚೆನ್ನಾಗಿದೆ. ಎಲ್‌ವಿಡಿಎಸ್‌ನಲ್ಲಿ ಬಣ್ಣದ 8 ಬಿಟ್‌ಗಳನ್ನು ಜೋಡಿಸುವ ಕ್ರಮ ಎರಡು ಬಗೆ, ವೆಸಾ ಮತ್ತು ಜೈಡಾ. ಬೋರ್ಡ್‌ ಒಂದು ಕ್ರಮದಲ್ಲಿ ಕಳಿಸಿ ಪ್ಯಾನೆಲ್‌ ಇನ್ನೊಂದರಲ್ಲಿ ಓದಿದರೆ ಹೀಗೇ ಆಗುತ್ತದೆ. ಅಕ್ಷರ ನೆಟ್ಟಗಿರುತ್ತದೆ, ಛಾಯೆ ಕೆಡುತ್ತದೆ. ಬೋರ್ಡಿನ ಫ್ಯಾಕ್ಟರಿ ಮೆನುವಿನಲ್ಲಿ ‘ಎಲ್‌ವಿಡಿಎಸ್‌ ಮ್ಯಾಪ್‌’ ಎಂಬುದನ್ನು ಬದಲಿಸಿ ನೋಡಿ. ಆ ಮೆನು ತೆರೆಯುವ ಗುಂಡಿಗಳ ಕ್ರಮ ಬೋರ್ಡಿನಿಂದ ಬೋರ್ಡಿಗೆ ಬೇರೆ, ಮಾರಿದವರನ್ನು ಕೇಳಿ. ಮೆನುವಿನಲ್ಲಿ ಇಲ್ಲದಿದ್ದರೆ ಈ ಪ್ಯಾನೆಲ್ಲಿಗೆ ಸರಿಯಾದ ಫರ್ಮ್‌ವೇರ್‌, ಅಂದರೆ ಬೋರ್ಡಿನೊಳಗಿನ ತಂತ್ರಾಂಶ ಹಾಕಿಕೊಡುವಂತೆ ಅವರಿಗೇ ಹೇಳಿ.

ಬೇರೆಯವರಿಗೂ ಉಪಯೋಗವಾಗಲಿ ಎಂದು ಇನ್ನೊಂದು ಲಕ್ಷಣ ಹೇಳುತ್ತೇನೆ. 1920 ಅಗಲದ ಎಲ್‌ವಿಡಿಎಸ್‌ ಪ್ಯಾನೆಲ್ಲಿಗೆ ಎರಡು ಸಾಲಿನ ಸಂಕೇತ ಬೇಕು, ಒಂದು ಸಮ ಸಂಖ್ಯೆಯ ಚುಕ್ಕಿಗಳಿಗೆ, ಇನ್ನೊಂದು ಬೆಸಕ್ಕೆ. ಅವೆರಡು ಅದಲುಬದಲಾದರೆ ಅಕ್ಷರಗಳ ಅಂಚು ಹಲ್ಲು ಹಲ್ಲಾಗಿ ಕಾಣುತ್ತದೆ. ಅದಕ್ಕೂ ಮದ್ದು ಮೆನುವಿನಲ್ಲೇ ಇರುತ್ತದೆ.

ಕರಡುಪ್ರತಿ, ಕುವೆಂಪುನಗರ, ಮೈಸೂರು

ಮ್ಯಾಪ್‌ ಬದಲಿಸಿದ ತಕ್ಷಣ ಬಣ್ಣ ಸರಿಹೋಯಿತು. ಧನ್ಯವಾದಗಳು ಮೇಷ್ಟ್ರೇ. ಉಳಿದಿರುವುದು ಎರಡು ತೊಂದರೆ. ದೊಡ್ಡ ಪರದೆಯನ್ನು ಮುಟ್ಟಿದರೆ ಲ್ಯಾಪ್‌ಟಾಪಿನ ಪರದೆಯಲ್ಲಿ ಕೆಲಸ ನಡೆಯುತ್ತದೆ. ಎರಡನೆಯದು, ಆಗಾಗ ಯಾರೂ ಮುಟ್ಟದೆಯೇ ಪುಟ ತಾನಾಗಿ ಜಾರುತ್ತದೆ.

ಗಂಗೋತ್ರಿ ವಿದ್ಯಾರ್ಥಿ, ಮೈಸೂರು

ಮೊದಲನೆಯದಕ್ಕೆ ನಾನು ಉತ್ತರಿಸುತ್ತೇನೆ ಸರ್‌. ಯುಎಸ್‌ಬಿ ಬೇರೆ, ಚಿತ್ರ ಬೇರೆ ಆದ್ದರಿಂದ ಈ ಟಚ್‌ ಯಾವ ಪರದೆಗೆ ಸೇರಿದ್ದು ಎಂದು ಕಂಪ್ಯೂಟರಿಗೆ ನಾವೇ ಹೇಳಬೇಕು. ವಿಂಡೋಸ್‌ನ ಕಂಟ್ರೋಲ್‌ ಪ್ಯಾನೆಲ್ಲಿನಲ್ಲಿ ‘ಟ್ಯಾಬ್ಲೆಟ್‌ ಪಿಸಿ ಸೆಟ್ಟಿಂಗ್ಸ್‌’ ತೆರೆದು ‘ಸೆಟಪ್‌’ ಒತ್ತಿ. ಒಂದು ಪರದೆ ಬಿಳಿಯಾಗಿ, ಇದು ಟಚ್‌ ಪರದೆಯಾದರೆ ಮುಟ್ಟಿ ಎನ್ನುತ್ತದೆ. ಲ್ಯಾಪ್‌ಟಾಪಿನದಾದರೆ ಎಂಟರ್‌ ಒತ್ತಿ ಮುಂದೆ ಹೋಗಿ, ದೊಡ್ಡದರಲ್ಲಿ ಬಂದಾಗ ಬೆರಳಿಡಿ.

ಟೀಚರ್‌, ನಿಮ್ಮ ಲಿನಕ್ಸಿನಲ್ಲಿ ಪರದೆಯನ್ನು ನಡೆಸುವ ವ್ಯವಸ್ಥೆ ಎಕ್ಸ್‌11 ಆಗಿದ್ದರೆ ‘ಎಕ್ಸ್‌ಇನ್‌ಪುಟ್‌’ ಎಂಬ ಆದೇಶದ ‘ಮ್ಯಾಪ್‌-ಟು-ಔಟ್‌ಪುಟ್‌’ ಆಯ್ಕೆ ಇದೇ ಕೆಲಸ ಮಾಡುತ್ತದೆ. ಪರದೆಯನ್ನು ನೆಟ್ಟಗೆ ತಿರುಗಿಸಿದ ಮೇಲೆ ಅದನ್ನು ಮತ್ತೊಮ್ಮೆ ಕೊಡಿ. ಮ್ಯಾಕ್‌ ಬಳಸುವವರು ಮಾತ್ರ ಟಚ್ಚಿನ ಆಸೆ ಇಟ್ಟುಕೊಳ್ಳಬೇಡಿ, ಅದರಲ್ಲಿ ಟಚ್‌ ಪರದೆಗೆ ಮೂಲ ಬೆಂಬಲವಿಲ್ಲ.

ಮಂಡ್ಯ ಮೇಷ್ಟ್ರು

ತಾನಾಗಿ ಜಾರುವುದಕ್ಕೆ ಕಾರಣ ವಿದ್ಯುತ್‌ ಗದ್ದಲ. ಕೆಪಾಸಿಟಿವ್‌ ಟಚ್‌ ಅಳೆಯುವುದು ಬೆರಳು ಹತ್ತಿರ ಬಂದಾಗ ಆಗುವ ಅತಿ ಸಣ್ಣ ವಿದ್ಯುತ್‌ ಬದಲಾವಣೆಯನ್ನು. ಅಗ್ಗದ 12 ವೋಲ್ಟ್‌ ಅಡಾಪ್ಟರಿನ ಅಥವಾ ಲ್ಯಾಪ್‌ಟಾಪಿನ ಚಾರ್ಜರಿನ ಗದ್ದಲ ಪ್ಯಾನೆಲ್ಲಿಗೆ ನುಗ್ಗಿದರೆ ಅದೂ ಬೆರಳಿನ ಹಾಗೆಯೇ ಕಾಣುತ್ತದೆ. ಪರೀಕ್ಷೆ ಸುಲಭ: ಲ್ಯಾಪ್‌ಟಾಪಿನ ಚಾರ್ಜರ್‌ ತೆಗೆದು ಬ್ಯಾಟರಿಯಲ್ಲಿ ಓಡಿಸಿ. ಕಡಿಮೆಯಾಯಿತೇ ನೋಡಿ. ನಂತರ 12 ವೋಲ್ಟಿನ ಅಡಾಪ್ಟರ್‌ ಬೇರೆಯದನ್ನು ಹಾಕಿ ನೋಡಿ.

ಮೂಲ ಯಂತ್ರದಲ್ಲಿ ಪ್ಯಾನೆಲ್ಲಿನ ಲೋಹದ ಬೆನ್ನು, ಟಚ್‌ ಬೋರ್ಡ್‌, ಮದರ್‌ಬೋರ್ಡ್‌ ಮೂರೂ ಒಂದೇ ಲೋಹದ ತಗಡಿಗೆ ಸ್ಕ್ರೂ ಆಗಿದ್ದವು. ಈಗ ಆ ಸಂಪರ್ಕ ಕಡಿದಿದೆ. ಪ್ಯಾನೆಲ್ಲಿನ ಬೆನ್ನಿನಿಂದ ಟಚ್‌ ಬೋರ್ಡಿನ ಸ್ಕ್ರೂ ರಂಧ್ರಕ್ಕೆ, ಅಲ್ಲಿಂದ ಕಂಟ್ರೋಲರ್‌ ಬೋರ್ಡಿನ ಗ್ರೌಂಡಿಗೆ ತಾಮ್ರದ ಅಂಟುಪಟ್ಟಿ ಎಳೆಯಿರಿ. ಆ ಐದನೆಯ ವೈರನ್ನು ಖಾಲಿ ಬಿಟ್ಟಿದ್ದರೆ ಅದನ್ನೂ ಸೇರಿಸಿ. ಮೂರು ಪಿನ್ನಿನ ಅಡಾಪ್ಟರ್‌ ಆಗಿದ್ದು ಮನೆಯ ಅರ್ತಿಂಗ್‌ ಸರಿಯಾಗಿದ್ದರೆ ಇನ್ನೂ ಒಳ್ಳೆಯದು. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಮೂರು ರಂಧ್ರದ ಸಾಕೆಟ್‌ ಇರುತ್ತದೆ, ಮೂರನೆಯದಕ್ಕೆ ವೈರೇ ಬಂದಿರುವುದಿಲ್ಲ. ಎಲೆಕ್ಟ್ರಿಷಿಯನ್‌ ಕರೆಸಿ ನೋಡಿಸುವುದು ಈ ಮಾನಿಟರಿಗಷ್ಟೇ ಅಲ್ಲ, ನಿಮ್ಮ ಮನೆಯವರ ಕ್ಷೇಮಕ್ಕೂ ಬೇಕು.

ಕರಡುಪ್ರತಿ, ಕುವೆಂಪುನಗರ, ಮೈಸೂರು

ತಾಮ್ರದ ಪಟ್ಟಿ ಹಾಕಿ, ಅಡಾಪ್ಟರ್‌ ಬದಲಿಸಿದ ಮೇಲೆ ಜಾರುವುದು ಪೂರ್ತಿ ನಿಂತಿದೆ. ಎಲ್ಲ ಸೇರಿ ಖರ್ಚು 4,000 ರೂಪಾಯಿಯ ಒಳಗೇ ಮುಗಿಯಿತು. ಹಳೆಯ ಸ್ಟ್ಯಾಂಡ್‌ ತಿರುಗುತ್ತಿರಲಿಲ್ಲವಾದ್ದರಿಂದ ನಮ್ಮ ಬೀದಿಯ ಬಡಗಿಯವರು ಹೊನ್ನೆ ಮರದ ತುಂಡಿನಲ್ಲಿ ಒಂದು ನಿಲುವು ಮಾಡಿಕೊಟ್ಟರು. ಬೋರ್ಡುಗಳನ್ನು ಹಳೆಯ ಮುಚ್ಚಳದೊಳಗೇ ಪ್ಲಾಸ್ಟಿಕ್‌ನ ಸಣ್ಣ ಕಾಲುಗಳ ಮೇಲೆ ಕೂರಿಸಿದ್ದೇನೆ, ಫ್ಯಾನಿದ್ದ ಜಾಗ ಗಾಳಿಗೆ ತೆರೆದೇ ಇದೆ.

ಈಗ ಪುಟ ತಲೆಯಿಂದ ಕಾಲಿನವರೆಗೆ ಒಮ್ಮೆಗೆ ಕಾಣುತ್ತದೆ. ಇವತ್ತು ಬೆಳಿಗ್ಗೆ ಒಂದು ಹಳೆಯ ಕಾವ್ಯದ ಸ್ಕ್ಯಾನಿನಲ್ಲಿ ‘ಗಂದ’ ಎಂದು ಕಾಣುತ್ತಿದ್ದುದನ್ನು ಎರಡು ಬೆರಳಿನಲ್ಲಿ ಹಿಗ್ಗಿಸಿದಾಗ ‘ದ’ದ ಹೊಟ್ಟೆಯ ಕೆಳಗೆ ಕೂದಲೆಳೆಯಷ್ಟು ಸೀಳು ಸಿಕ್ಕಿತು, ‘ಗಂಧ’ ಎಂದು ತಿದ್ದಿದೆ.

ಶುಗರ್‌ ಟೌನ್‌, ಮಂಡ್ಯ

ಅಭಿನಂದನೆಗಳು ಸರ್‌. ಟಚ್‌ ಬೇಕಾದವರಿಗೆ ಇದು ಲಾಭವೇ, ಒಪ್ಪುತ್ತೇನೆ. ಟಚ್‌ ಇಲ್ಲದ ಹಳೆಯ ಪರದೆಗೆ ಇಷ್ಟು ಹಣ ಹಾಕಬಾರದು ಎಂಬ ಮಾತನ್ನು ಮಾತ್ರ ಬಿಡುವುದಿಲ್ಲ.

ಅಗ್ರಹಾರ ರಿಪೇರಿ, ಮೈಸೂರು

ಅದನ್ನು ನಾನೂ ಒಪ್ಪುತ್ತೇನೆ. ಕರಡುಪ್ರತಿ ಸರ್‌, ಉಳಿದ ಮದರ್‌ಬೋರ್ಡನ್ನು ಬೀದಿಯ ಗುಜರಿಯವರಿಗೆ ಕೊಡಬೇಡಿ. ಅದು ಕೊನೆಗೆ ಬಯಲಲ್ಲಿ ಬೆಂಕಿಗೆ ಬೀಳುತ್ತದೆ, ಆ ಹೊಗೆಯನ್ನು ಉಸಿರಾಡುವವರು ಬಡವರು. 2022ರ ಇ-ತ್ಯಾಜ್ಯ ನಿಯಮಗಳ ಪ್ರಕಾರ ನೋಂದಾಯಿತ ಮರುಬಳಕೆದಾರರಿಗೆ ಸೇರಬೇಕು. ರ್‍ಯಾಮ್‌ ತೆಗೆದಿಟ್ಟುಕೊಳ್ಳಿ, ಅದೇ ಬಗೆಯ ರ್‍ಯಾಮ್‌ ಹಾಕುವ ಲ್ಯಾಪ್‌ಟಾಪ್‌ ಇದ್ದರೆ ಅದಕ್ಕೆ ಆಗುತ್ತದೆ. ಹಾರ್ಡ್‌ ಡಿಸ್ಕಿಗೆ ಯುಎಸ್‌ಬಿ ಕೇಸ್‌ ಹಾಕಿದರೆ ಕಡತ ಇಡಲು ಬರುತ್ತದೆ.

ಪಾಂಡವಪುರದ ಟೀಚರ್‌

ಮೇಷ್ಟ್ರೇ, ನಮ್ಮ ಲ್ಯಾಪ್‌ಟಾಪಿನ ಬ್ಯಾಟರಿ ತೆಗೆಸಿದೆವು, ಉಬ್ಬಿಯೇ ಇತ್ತು. ಟಚ್ಚಿನ ಬೋರ್ಡಿನಿಂದ ಆರು ವೈರುಗಳು ಬಂದಿವೆ. ಐ2ಸಿ ಇರಬಹುದೇ ಎಂಬ ಅನುಮಾನ.

ಮಂಡ್ಯ ಮೇಷ್ಟ್ರು

ಆರು ಎಂದ ಮಾತ್ರಕ್ಕೆ ನಿರ್ಧರಿಸಲಾಗುವುದಿಲ್ಲ. ಐ2ಸಿಯಲ್ಲಿ ವಿದ್ಯುತ್‌, ಗ್ರೌಂಡ್‌, ಎರಡು ಸಂಕೇತ, ಇಂಟರಪ್ಟ್‌, ರೀಸೆಟ್‌ ಸೇರಿ ಆರಾಗುತ್ತದೆ. ಯುಎಸ್‌ಬಿಯಲ್ಲೂ ಗ್ರೌಂಡ್‌ ಎರಡೆರಡು ಬಂದು ಆರಾಗಿರುವುದುಂಟು. ಶನಿವಾರ ಮಧ್ಯಾಹ್ನದ ನಂತರ ಮಂಡ್ಯಕ್ಕೆ ತನ್ನಿ, ವಿದ್ಯುತ್‌ ಸಂಕೇತದ ಏರಿಳಿತವನ್ನು ತೋರಿಸುವ ಆಸಿಲೋಸ್ಕೋಪಿನಲ್ಲಿ ನೋಡೋಣ. ನಮ್ಮ ಹುಡುಗರಿಗೂ ಪಾಠವಾಗುತ್ತದೆ. ಪರದೆಯ ಮುಚ್ಚಳವನ್ನು ಇನ್ನು ಬಿಚ್ಚಬೇಡಿ, ಕೇಬಲ್‌ಗಳನ್ನು ಕೀಳದೆ ತಳಭಾಗದ ಸಮೇತ ಹಾಗೆಯೇ ತನ್ನಿ. ಬ್ಯಾಟರಿಯನ್ನು ಬಸ್ಸಿನಲ್ಲಿ ತರಬೇಡಿ.